ಬೆಕ್ಕು ತರುವ ಮೊದಲೇ ಒಂದು ತಿಂಗಳು ಬೆಕ್ಕು ಸಾಕಿದೆ

ನಾನು ಮೊದಲು ತಂದ ಬೆಕ್ಕು ಹೆಚ್ಚುಕಡಿಮೆ 11 ದಿನ ಮಂಚದ ಕೆಳಗಿಂದ ಆಚೆ ಬರಲಿಲ್ಲ. ನಾವು ಮಲಗಿದ ಮೇಲೆ ಬಂದು ತಿಂದು ಹೋಗುತ್ತಿತ್ತು. ಮೂರನೇ ವಾರ ಹಾಸಿಗೆ ಮೇಲೆ ಉಚ್ಚೆ ಹೊಯ್ಯಲು ಶುರು ಮಾಡಿತು. ಪಶುವೈದ್ಯರ ಹತ್ತಿರ ಎರಡು ಸಲ ಓಡಿದೆ, ಮೂತ್ರ ಪರೀಕ್ಷೆ, ಸ್ಕ್ಯಾನ್ ಎಲ್ಲಾ ಆಯಿತು. ಸೋಂಕಿಲ್ಲ, ಕಲ್ಲಿಲ್ಲ, ಒತ್ತಡಕ್ಕೆ ಮೂತ್ರಕೋಶ ಉರಿಯುತ್ತಿದೆ ಅಂದರು. ಆ ತಿಂಗಳ ಸಂಬಳದಲ್ಲಿ ಕಾಲು ಭಾಗ ಅಲ್ಲೇ ಹೋಯಿತು. ಕೊನೆಗೆ ಕೊಟ್ಟವರ ಮನೆಗೇ ವಾಪಸ್ ಬಿಟ್ಟು ಬಂದೆ. ಆ ದಿನ ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ.

ತಪ್ಪು ಎಲ್ಲಿತ್ತು ಅಂತ ಹೊಳೆದಿದ್ದು ಬೆಕ್ಕು ಹೋದ ಮೇಲೆ. ಬೆಕ್ಕು ಉಚ್ಚೆ-ಕಕ್ಕ ಮಾಡಲು ಇಟ್ಟ ಮರಳಿನ ಡಬ್ಬಿ, ಅಂದರೆ ಲಿಟರ್ ಬಾಕ್ಸ್, ಅದರ ಪಕ್ಕದಲ್ಲೇ ವಾಷಿಂಗ್ ಮೆಷೀನ್! ಅದು ಗಿರ್ರನೆ ತಿರುಗಿದಾಗಲೆಲ್ಲ ನೆಲವೇ ನಡುಗುತ್ತಿತ್ತು. ಅಂಥ ಜಾಗಕ್ಕೆ ಯಾವ ಬೆಕ್ಕು ಹೋದೀತು?

ಎರಡನೇ ಸಲ ಬೆಕ್ಕು ಇಲ್ಲದೆಯೇ 30 ದಿನ ಬೆಕ್ಕು ಸಾಕಿದೆ. ಬೆಳಗ್ಗೆ ಎದ್ದ ಕೂಡಲೇ 10 ನಿಮಿಷ, ಕತ್ತಲಾಗುವಾಗ 10 ನಿಮಿಷ, ಗರಿ ಕಟ್ಟಿದ ಕೋಲು ಹಿಡಿದು ಖಾಲಿ ಕೋಣೆಯಲ್ಲಿ ಆಡಿಸಿದೆ. ಅವು ಚುರುಕಾಗಿರೋದೇ ಆ ಹೊತ್ತಿಗೆ ಅಲ್ವಾ. ಮೊದಲ ಹದಿನೈದು ದಿನದಲ್ಲಿ 6 ಸಂಜೆ ತಪ್ಪಿತು. ಅಂದರೆ ನನ್ನ ಸಂಜೆಯೇ ಬೆಕ್ಕಿಗೆ ಒಗ್ಗುತ್ತಿರಲಿಲ್ಲ. ಕೆಲಸದ ಹೊತ್ತು ಬದಲಿಸಿಕೊಂಡೆ. "ಊಟ ಹಾಕಿದರೆ ಸಾಕು, ಬೆಕ್ಕಿಗೆ ಇಷ್ಟೆಲ್ಲಾ ಯಾಕೆ" ಅಂತ ಮನೆಯವರೂ ಸ್ನೇಹಿತರೂ ಒಂದೇ ಸಮನೆ ಹೇಳುತ್ತಿದ್ದರು. ನಾನು ಬಿಡಲಿಲ್ಲ.

ಮರಿ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಹುಟ್ಟಿದ 2ರಿಂದ 7 ವಾರದೊಳಗೆ ಅದು ಎಂಥ ಜನರ ಕೈಯಲ್ಲಿತ್ತು ಅನ್ನೋದರ ಮೇಲೆ ಮುಂದಿನ ಧೈರ್ಯ ಬಹುಮಟ್ಟಿಗೆ ನಿಂತಿರುತ್ತದೆ. ಅದನ್ನು ನಾವು ಕಣ್ಣಾರೆ ಕಂಡಿರುವುದಿಲ್ಲ. ಎರಡು ವರ್ಷದ ಬೆಕ್ಕಾದರೆ ಸ್ವಭಾವ ಎದುರಿಗೇ ಕಾಣುತ್ತದೆ. ಅಂಥದ್ದೊಂದು ಬೆಕ್ಕಿದ್ದ ಮನೆಗೆ 4 ಸಲ ಹೋದೆ. ಪ್ರತಿ ಸಲ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಸುಮ್ನೆ ಕೂತೆ, ಕೈ ಚಾಚಲಿಲ್ಲ. ಮೂರನೇ ಸಲ ಹತ್ತಿರ ಬಂದು ಬೆರಳು ಮೂಸಿತು. ಆಮೇಲೆ ಕೆನ್ನೆಯನ್ನು ಮಂಡಿಗೆ ಒತ್ತಿ ಒತ್ತಿ ಉಜ್ಜಿತು. ತನ್ನ ವಾಸನೆ ನನಗೆ ಹಚ್ಚಿತು. ನಾನು ನಿಧಾನವಾಗಿ ಕಣ್ಣು ಮುಚ್ಚಿ ತೆರೆದೆ, ಅದೂ ಹಾಗೇ ಮಾಡಿತು. ಅದು ಮಲಗುತ್ತಿದ್ದ ಬಟ್ಟೆಯನ್ನು ಒಂದು ವಾರ ಮುಂಚೆಯೇ ನಮ್ಮ ಮನೆಗೆ ತಂದಿಟ್ಟೆ. ಅದನ್ನು ಎಲ್ಲೆಲ್ಲಿ, ಯಾವ ಕ್ರಮದಲ್ಲಿ ಉಜ್ಜಿದೆ ಅನ್ನೋದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬಂದ ದಿನ ಎರಡು ಗಂಟೆಯಲ್ಲಿ ಕುರ್ಚಿ ಕೆಳಗಿಂದ ಆಚೆ ಬಂತು. ನಾಲ್ಕನೇ ರಾತ್ರಿ ನನ್ನ ಪಾದದ ಮೇಲೆ ಮಲಗಿತು. ಈಗ 14 ತಿಂಗಳಾಯಿತು, ಒಂದು ಸಲವೂ ಬಾಕ್ಸ್ ಬಿಟ್ಟು ಹೊರಗೆ ಮಾಡಿಲ್ಲ. ನನಗೆ ಗೊತ್ತಿರುವವರಲ್ಲಿ ಇಷ್ಟು ಬೇಗ ಬೆಕ್ಕು ಹೊಂದಿಕೊಂಡಿದ್ದು ನಮ್ಮ ಮನೆಯಲ್ಲೇ.

ಮಧ್ಯೆ ಒಂದೆರಡು ಪ್ರಯೋಗ ಮಾಡಿದೆ. ಲೇಸರ್ ದೀಪ ತೋರಿಸಿದರೆ ಹುಚ್ಚೆದ್ದು ಓಡುತ್ತಿತ್ತು, ಆರಿಸಿದ ಮೇಲೆ ಅರ್ಧ ಗಂಟೆ ಗೋಡೆ ಹುಡುಕುತ್ತಾ ಅಳುತ್ತಿತ್ತು. ಬೇಟೆ ಕೈಗೆ ಸಿಗದಿದ್ದರೆ ಅದಕ್ಕೆ ಸಮಾಧಾನವಿಲ್ಲ. ಎರಡೇ ದಿನಕ್ಕೆ ಎತ್ತಿಟ್ಟೆ. ಕ್ಯಾಟ್‌ನಿಪ್‌ ಅಂತ ಬೆಕ್ಕನ್ನು ಕುಣಿಸುವ ಒಣ ಎಲೆ ತಂದೆ, ಮೂಸಿಯೂ ನೋಡಲಿಲ್ಲ. ಸುಮಾರು ಮೂರರಲ್ಲೊಂದು ಬೆಕ್ಕಿಗೆ ಅದು ನಾಟುವುದೇ ಇಲ್ಲ, ಸುಮ್ನೆ ದುಡ್ಡು ದಂಡ. ಮೊದಲ ಬೆಕ್ಕಿಗೆ ತಂದ ದುಬಾರಿ ಹಾಸಿಗೆಯೂ ಹಾಗೇ ಬಿದ್ದಿದೆ. ಈ ಬೆಕ್ಕಿಗೆ ಇಷ್ಟವಾಗಿದ್ದು ಕಪಾಟಿನ ಮೇಲಿಟ್ಟ ರಟ್ಟಿನ ಡಬ್ಬಿ. ಅಲ್ಲಿ ಕೂತರೆ ಬಾಗಿಲು, ಕಿಟಕಿ ಎರಡೂ ಕಾಣುತ್ತವೆ.

ಈಗ ಮನೆಯವರೇ ಎರಡನೇ ಬೆಕ್ಕು ತರೋಣ ಅಂತ ಹಟ ಹಿಡಿದಿದ್ದಾರೆ. ಒಂದು ಬೆಕ್ಕಿಗೆ ಎರಡು ಲಿಟರ್ ಬಾಕ್ಸ್, ಎರಡಕ್ಕೆ ಮೂರು ಬೇಕು. ಮೂರನೇ ಬಾಕ್ಸ್ ಇಡಲು ಸದ್ದಿಲ್ಲದ ಮೂಲೆ ಇನ್ನೂ ಸಿಕ್ಕಿಲ್ಲ. ಸಿಗುವ ತನಕ ತರುವುದಿಲ್ಲ.