ನಿನ್ನೆಯ ಬಗೆಟ್ ಗಟ್ಟಿಯಾಯಿತೇ? ನಲ್ಲಿಗೆ ಹಿಡಿಯಿರಿ

ಫ್ರಾನ್ಸಿಗೆ ಹೊಸದಾಗಿ ಬಂದವರಿಗೆ: ನಿನ್ನೆಯ ಬಗೆಟ್ (ಇಲ್ಲಿನ ಕೋಲಿನಂಥ ಉದ್ದನೆಯ ಬ್ರೆಡ್) ಕಟ್ಟಿಗೆಯಂತಾಗಿದ್ದರೆ ಎಸೆಯಬೇಡಿ. ಎರಡು ಮೂರು ಸೆಕೆಂಡು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದು ಹೊರಮೈಯನ್ನು ಎಲ್ಲ ಕಡೆ ಒದ್ದೆ ಮಾಡಿ, ಕತ್ತರಿಸಿದ ತುದಿಗೆ ಮಾತ್ರ ನೀರು ತಾಗದಿರಲಿ. ಮೊದಲೇ 200 ಡಿಗ್ರಿಗೆ ಕಾಯಿಸಿಟ್ಟ ಅವನ್‌ನಲ್ಲಿ, ಟ್ರೇ ಇಲ್ಲದೆ ನೇರವಾಗಿ ಜಾಲರಿಯ ಮೇಲೆ 5ರಿಂದ 7 ನಿಮಿಷ ಇಡಿ. ಕೆಳಗೂ ಬಿಸಿಗಾಳಿ ಆಡಬೇಕು, ಇಲ್ಲದಿದ್ದರೆ ತಳ ಮೆತ್ತಗೇ ಉಳಿಯುತ್ತದೆ. ತಣ್ಣಗಾದ ಬ್ರೆಡ್ಡಿನಲ್ಲಿ ಪಿಷ್ಟ ಬಿಗಿದುಕೊಳ್ಳುತ್ತದೆ, ಬಿಸಿ ಅದನ್ನು ಮತ್ತೆ ಸಡಿಲಿಸುತ್ತದೆ. ಮೇಲಿನ ನೀರು ಹಬೆಯಾಗಿ ಒಳಗನ್ನು ಒಣಗಲು ಬಿಡುವುದಿಲ್ಲ, ಆಮೇಲೆ ಆರಿ ಸಿಪ್ಪೆ ಗರಿಗರಿಯಾಗುತ್ತದೆ. ಅರ್ಧ ಗಂಟೆಯೊಳಗೆ ತಿಂದುಬಿಡಿ. ಆರಿದರೆ ಮೊದಲಿಗಿಂತ ಗಟ್ಟಿ, ಎರಡನೇ ಸಲ ಈ ಉಪಾಯ ನಡೆಯುವುದಿಲ್ಲ. ಹೋಳು ಮಾಡಿಟ್ಟ ಬ್ರೆಡ್ಡಿಗೂ ಆಗದು, ನೀರು ಕುಡಿದು ಮುದ್ದೆಯಾಗುತ್ತದೆ. ಬೂಸ್ಟು ಕಂಡರೆ ಕಸಕ್ಕೇ. ಮೈಕ್ರೊವೇವ್ ಬೇಡ, ಚರ್ಮದಂತೆ ಎಳೆಯುತ್ತದೆ. ಫ್ರಿಜ್ಜೂ ಬೇಡ, ಆ ತಂಪಿನಲ್ಲಿ ಪಿಷ್ಟ ಇನ್ನೂ ಬೇಗ ಬಿಗಿಯುತ್ತದೆ. ಹೆಚ್ಚು ಕೊಂಡಿದ್ದರೆ ಅದೇ ದಿನ ಬಿಗಿಯಾಗಿ ಸುತ್ತಿ ಫ್ರೀಜರಿಗೆ ಹಾಕಿ. ನಿಮ್ಮ ಸ್ಟುಡಿಯೋದಲ್ಲಿ, ಅಂದರೆ ಒಂದೇ ಕೋಣೆಯ ಮನೆಯಲ್ಲಿ, ಅವನ್ ಇಲ್ಲವೇ? ದಪ್ಪ ತಳದ ಬಾಣಲೆಗೆ ಹಿಡಿಸುವಷ್ಟು ತುಂಡು ಮಾಡಿ, ಸಿಪ್ಪೆಗಷ್ಟೇ ನೀರು ಸವರಿ, ಸಣ್ಣ ಉರಿಯಲ್ಲಿ ಮುಚ್ಚಿ ಮೂರು ನಿಮಿಷ, ಮುಚ್ಚಳ ತೆಗೆದು ಮಗುಚಿ ಎರಡು ನಿಮಿಷ ಬಿಡಿ. ಅಷ್ಟು ಗರಿ ಬಾರದು, ಮೃದುವಂತೂ ಆಗುತ್ತದೆ. ಕೊಳ್ಳುವಾಗ ‘ತ್ರದಿಸಿಯೋಂ’, ಅಂದರೆ ಸಾಂಪ್ರದಾಯಿಕ ಬಗೆಟ್, ಕೇಳಿ: 1993ರ ಸರ್ಕಾರಿ ಆದೇಶದ ಪ್ರಕಾರ ಅದರ ಹಿಟ್ಟನ್ನು ಫ್ರೀಜ್ ಮಾಡುವಂತಿಲ್ಲ, ರುಚಿಯೂ ನಿಜಕ್ಕೂ ಮೇಲು. ತೀರಾ ಒಣಗಿದ್ದನ್ನು ಪುಡಿ ಮಾಡಿ ಬ್ರೆಡ್ ಉಪ್ಪಿಟ್ಟಿಗೆ ಹಾಕಿ.