ಸಬ್ಮಿಟ್ ಒತ್ತಿದ ಮೇಲೆ: ಒಂದು ಫಾರ್ಮ್ ಕಟ್ಟಿ ಡೆವಲಪರ್ ಪರೀಕ್ಷೆಗೆ ಓದಿದ್ದು

ಸೇಲ್ಸ್‌ಫೋರ್ಸ್ ಮಾರ್ಕೆಟಿಂಗ್ ಕ್ಲೌಡ್ (ಕಂಪನಿಗಳು ಗ್ರಾಹಕರಿಗೆ ಇಮೇಲ್, ಮೆಸೇಜ್ ಕಳಿಸಲು ಬಳಸುವ ಸಾಫ್ಟ್‌ವೇರ್) ಡೆವಲಪರ್ ಪರೀಕ್ಷೆಗೆ ಹೇಗೆ ಓದಿದಿರಿ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಓದಿದ್ದು ಕಡಿಮೆ, ಕಟ್ಟಿದ್ದು ಜಾಸ್ತಿ. ಅದೂ ಒಂದೇ ಒಂದು ಫಾರ್ಮ್. ಅದನ್ನೇ ಕಟ್ಟಿ, ಬೇಕಂತಲೇ ಕೆಡಿಸಿ, ಯಾಕೆ ಕೆಟ್ಟಿತು ಅಂತ ಹುಡುಕಿ, ಮತ್ತೆ ಕಟ್ಟುತ್ತಾ ಒಂದು ಮಳೆಗಾಲ ಕಳೆದೆ.

ನಾನು ಶಿರಸಿ ಹತ್ತಿರದ ಹಳ್ಳಿಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವನು. ಸೇಲ್ಸ್‌ಫೋರ್ಸಿನ ಉಳಿದ ಪರೀಕ್ಷೆಗಳಿಗೆ ಅಭ್ಯಾಸ ಮಾಡೋಕೆ ಪುಕ್ಕಟೆ ಡೆವಲಪರ್ ಖಾತೆ ಸಿಗುತ್ತದೆ. ಮಾರ್ಕೆಟಿಂಗ್ ಕ್ಲೌಡ್‌ಗೆ ಹಾಗೆ ಸುಮ್ನೆ ಸಿಗುವುದಿಲ್ಲ. ಕೆಲಸದ ಕಡೆಯಿಂದಲೇ ಪ್ರವೇಶ ಪಡೆಯಬೇಕು. ನಾನು ಮ್ಯಾನೇಜರ್ ಹತ್ತಿರ ಕೇಳಿ, ಯಾವ ಗ್ರಾಹಕರ ಡೇಟಾವೂ ಇಲ್ಲದ ಒಂದು ಟ್ರೈನಿಂಗ್ ಬಿಸಿನೆಸ್ ಯೂನಿಟ್ (ಕಂಪನಿಯ ಖಾತೆಯೊಳಗಿನ ಪ್ರತ್ಯೇಕ ವಿಭಾಗ) ತೆಗೆಸಿಕೊಂಡೆ. ಮಾರ್ಕೆಟಿಂಗ್ ಕ್ಲೌಡ್ ಮೂಲತಃ ಸೇಲ್ಸ್‌ಫೋರ್ಸಿನದ್ದಲ್ಲ. ಎಕ್ಸಾಕ್ಟ್‌ಟಾರ್ಗೆಟ್ ಎಂಬ ಕಂಪನಿಯದ್ದು, 2013ರಲ್ಲಿ ಸೇಲ್ಸ್‌ಫೋರ್ಸ್ ಕೊಂಡುಕೊಂಡಿತು. ಅದಕ್ಕೇ ಸೇಲ್ಸ್‌ಫೋರ್ಸಿನ ಭಾಷೆ ಏಪೆಕ್ಸ್ ಗೊತ್ತಿದ್ದವರಿಗೂ ಇಲ್ಲಿ ಎಲ್ಲ ಹೊಸತು. ಆಂಪ್‌ಸ್ಕ್ರಿಪ್ಟ್ ಅಂತ ಇದರದ್ದೇ ಬೇರೆ ಭಾಷೆ.

ಪರೀಕ್ಷೆಯಲ್ಲಿ 60 ಪ್ರಶ್ನೆ, 105 ನಿಮಿಷ. ಆಂಪ್‌ಸ್ಕ್ರಿಪ್ಟ್ ಮತ್ತು ಸರ್ವರ್ ಸೈಡ್ ಜಾವಾಸ್ಕ್ರಿಪ್ಟ್ ಸೇರಿದ ಭಾಗದ್ದೇ ದೊಡ್ಡ ಪಾಲು, 35%. ಉಳಿದದ್ದು ಡೇಟಾ ಮಾಡೆಲ್, ಎಪಿಐ (ಬೇರೆ ಸಾಫ್ಟ್‌ವೇರ್ ಜೊತೆ ಮಾತಾಡುವ ದಾರಿ), ಡೇಟಾ ನಿರ್ವಹಣೆ, ಸೆಕ್ಯುರಿಟಿ. ಎಪಿಐ ಒಂದು ಬಿಟ್ಟರೆ ಮಿಕ್ಕಿದ್ದೆಲ್ಲ ಒಂದು ಫಾರ್ಮ್ ಒಳಗೇ ಬಂದುಹೋಗುತ್ತದೆ.

ಫಾರ್ಮಿಗೆ ವಿಷಯ ಬೇಕಲ್ಲ. ನಮ್ಮ ಭಾವ ಹೋಂಸ್ಟೇ ನಡೆಸುತ್ತಾರೆ. ಉಂಚಳ್ಳಿ ಜಲಪಾತ, ಸಹಸ್ರಲಿಂಗ, ಯಾಣ ನೋಡಲು ಬರುವವರು ಅವರಲ್ಲಿ ಉಳಿಯುತ್ತಾರೆ. ಬಂದವರ ಹತ್ತಿರ ಅವರು ಏನೇನು ಕೇಳುತ್ತಾರೋ ಅದನ್ನೇ ಫೀಲ್ಡ್ ಮಾಡಿಕೊಂಡೆ: ಹೆಸರು, ಇಮೇಲ್, ಫೋನ್, ವಿಳಾಸ, ಬರುವ ದಿನ, ಎಷ್ಟು ಜನ, ವಾಟ್ಸಾಪ್‌ನಲ್ಲಿ ಮಾಹಿತಿ ಕಳಿಸಬಹುದಾ. ಹೆಸರು, ನಂಬರ್ ಎಲ್ಲ ಸುಳ್ಳೇ ತುಂಬಿದ್ದು. ಅಂದಹಾಗೆ, ಹೋಂಸ್ಟೇಗೆ ಈ ಸಾಫ್ಟ್‌ವೇರ್ ಬೇಕು ಅಂತ ಯಾರೂ ತಿಳಿಯಬೇಡಿ. ನಾಲ್ಕು ರೂಮಿಗೆ ಗೂಗಲ್ ಫಾರ್ಮ್ ಧಾರಾಳ ಸಾಕು.

ಮಾರ್ಕೆಟಿಂಗ್ ಕ್ಲೌಡ್‌ನಲ್ಲಿ ಫಾರ್ಮ್ ಮಾಡುವ ಸುಲಭ ದಾರಿ ಸ್ಮಾರ್ಟ್ ಕ್ಯಾಪ್ಚರ್. ವೆಬ್ ಪೇಜ್ ಮಾಡುವ ಜಾಗವಾದ ಕ್ಲೌಡ್‌ಪೇಜಸ್‌ನಲ್ಲಿ ಒಂದು ಪೇಜ್ ತೆರೆದು, ಆ ಬ್ಲಾಕ್ ಎಳೆದು ಹಾಕಿ, ಡೇಟಾ ಎಕ್ಸ್‌ಟೆನ್ಷನ್ (ಡೇಟಾ ಇಡುವ ಟೇಬಲ್) ತೋರಿಸಿದರೆ ಫಾರ್ಮ್ ರೆಡಿ. ತುಂಬಿದವರನ್ನು ನೇರವಾಗಿ ಜರ್ನಿಗೆ (ಒಂದಾದ ಮೇಲೊಂದು ತಾನೇ ಹೋಗುವ ಮೆಸೇಜುಗಳ ಸರಣಿ) ಸೇರಿಸಲೂ ಬರುತ್ತದೆ. ದಿನನಿತ್ಯದ ಕೆಲಸಕ್ಕೆ ನಾನೂ ಅದನ್ನೇ ಬಳಸುತ್ತೇನೆ. ಪರೀಕ್ಷೆಗೆ ಮಾತ್ರ ಅದರಿಂದ ಏನೂ ಕಲಿತಂತಾಗುವುದಿಲ್ಲ. ಸಬ್ಮಿಟ್ ಒತ್ತಿದ ಮೇಲೆ ಏನಾಗುತ್ತದೆ ಅನ್ನುವುದನ್ನು ಅದು ಪೂರ್ತಿ ಮುಚ್ಚಿಡುತ್ತದೆ. ಪರೀಕ್ಷೆ ಕೇಳುವುದು ಅದನ್ನೇ. ಆದ್ದರಿಂದ ಎಚ್‌ಟಿಎಂಎಲ್ ಕೈಯಾರೆ ಬರೆದೆ, ಸರ್ವರ್‌ನಲ್ಲಿ ನಡೆಯುವ ಹಿಂಬದಿಯ ಕೆಲಸಕ್ಕೆ ಆಂಪ್‌ಸ್ಕ್ರಿಪ್ಟ್ ಹಾಕಿದೆ.

ಒಂದೇ ಪೇಜ್ ಎರಡು ಕೆಲಸ ಮಾಡುವ ಹಾಗೆ ಇಟ್ಟುಕೊಂಡೆ. ಮೊದಲ ಸಲ ತೆರೆದಾಗ ಖಾಲಿ ಫಾರ್ಮ್, ಸಬ್ಮಿಟ್ ಆದಾಗ ಅದೇ ಪೇಜಿಗೆ ಡೇಟಾ ವಾಪಸ್. ಫಾರ್ಮಿನ ಆ್ಯಕ್ಷನ್ (ಡೇಟಾ ಎಲ್ಲಿಗೆ ಹೋಗಬೇಕು ಅನ್ನುವ) ಜಾಗದಲ್ಲಿ, ಪೇಜಿಗೆ ಬಂದ ಮಾಹಿತಿ ಓದುವ ರಿಕ್ವೆಸ್ಟ್‌ಪ್ಯಾರಾಮೀಟರ್ ಫಂಕ್ಷನ್‌ಗೆ ಪೇಜ್‌ಯುಆರ್‌ಎಲ್ ಅಂತ ಕೊಟ್ಟರೆ ಪೇಜಿನ ವಿಳಾಸ ತಾನೇ ಬಂದು ಕೂರುತ್ತದೆ. ಜೊತೆಗೆ ಕಣ್ಣಿಗೆ ಕಾಣದ ಒಂದು ಹಿಡನ್ ಫೀಲ್ಡ್. ಅದರಲ್ಲಿ ಏನಾದರೂ ಇದ್ದರೆ ಸಬ್ಮಿಟ್ ಆಗಿದೆ, ಎಂಪ್ಟಿ ಆಗಿದ್ದರೆ ಈಗಷ್ಟೇ ತೆರೆದಿದ್ದಾರೆ ಅಂತ ಲೆಕ್ಕ. ಡೇಟಾ ಕಳಿಸುವ ಮೆಥಡ್ ಪೋಸ್ಟ್ ಇರಲಿ. ಗೆಟ್ ಇಟ್ಟರೆ ಫೋನ್ ನಂಬರ್ ಬ್ರೌಸರ್‌ನ ಮೇಲಿನ ವಿಳಾಸದ ಪಟ್ಟಿಯಲ್ಲೇ ಎಲ್ಲರಿಗೂ ಕಾಣುತ್ತದೆ. ರಿಕ್ವೆಸ್ಟ್‌ಪ್ಯಾರಾಮೀಟರ್ ಎರಡನ್ನೂ ಓದುತ್ತದೆ, ಹಾಗಾಗಿ ಗೆಟ್ ಇಟ್ಟರೂ ಕೆಲಸ ನಡೆಯುತ್ತದೆ. ನಡೆಯುತ್ತದೆ ಅಂತಲೇ ಸುಮಾರು ಜನ ಹಾಗೇ ಬಿಡುತ್ತಾರೆ.

ಇನ್ನು ಡೇಟಾ ಬರೆಯುವುದು. ಇಲ್ಲಿ ಇನ್ಸರ್ಟ್‌ಡಿಇ, ಇನ್ಸರ್ಟ್‌ಡೇಟಾ ಅಂತ ಎರಡು ಫಂಕ್ಷನ್. ಹೆಸರು ನೋಡಿದರೆ ಅಣ್ಣತಮ್ಮಂದಿರು. ಡಿಇ ಇರುವುದು ಇಮೇಲ್ ಕಳಿಸುವಾಗ ಬಳಸಲಿಕ್ಕೆ, ಡೇಟಾ ಇರುವುದು ಕ್ಲೌಡ್‌ಪೇಜ್‌ಗೆ. ಅಪ್‌ಸರ್ಟ್‌ಡಿಇ, ಅಪ್‌ಸರ್ಟ್‌ಡೇಟಾಗೂ ಇದೇ ನಿಯಮ. ಇನ್ಸರ್ಟ್‌ಡೇಟಾ ಎಷ್ಟು ಸಾಲು ಸೇರಿತು ಅಂತ ಒಂದು ಅಂಕಿ ವಾಪಸ್ ಕೊಡುತ್ತದೆ. ಅದನ್ನು ಒಂದು ವೇರಿಯೇಬಲ್‌ನಲ್ಲಿ ಹಿಡಿದು ಪೇಜಿನ ಮೇಲೆ ತೋರಿಸಿದರೆ ಸೇರಿತೋ ಇಲ್ಲವೋ ಅಂತ ಅಲ್ಲೇ ಗೊತ್ತಾಗುತ್ತದೆ.

ಮೊದಲು ಇನ್ಸರ್ಟ್‌ಡೇಟಾ ಹಾಕಿ, ಪ್ರೈಮರಿ ಕೀ (ಒಂದೊಂದು ಸಾಲನ್ನೂ ಬೇರೆಯಾಗಿ ಗುರುತಿಸುವ ಕಾಲಂ) ಇಲ್ಲದ ಡೇಟಾ ಎಕ್ಸ್‌ಟೆನ್ಷನ್ ಜೋಡಿಸಿ, ಲಿಂಕನ್ನು ಭಾವನಿಗೆ ಕಳಿಸಿದೆ. ಹೊರಗೆ ಜಡಿಮಳೆ, ಅವರಲ್ಲಿ ನೆಟ್‌ವರ್ಕ್ ಒಂದು ಕಡ್ಡಿ. ಸ್ವಲ್ಪ ಹೊತ್ತಿಗೆ ಫೋನ್ ಬಂತು: "ಹೋತಾ ಇಲ್ಯಾ ಹೇಳಿ ಗೊತ್ತಾಗ್ತಿಲ್ಲೆ ಭಾವ, ಮತ್ತೊಂದ್ಸಲ ಒತ್ತಿದೆ." ಡೇಟಾ ಎಕ್ಸ್‌ಟೆನ್ಷನ್ ತೆಗೆದು ನೋಡಿದರೆ ಒಂದೇ ಬುಕಿಂಗ್ ಎರಡೆರಡು ಸಾಲಾಗಿ ಕೂತಿದೆ. ನನಗೆ ಬೇಕಾಗಿದ್ದೂ ಅದೇ. ಆಫೀಸಿನ ವೈಫೈನಲ್ಲಿ ಟೆಸ್ಟ್ ಮಾಡಿದರೆ ಈ ತೊಂದರೆ ಕಣ್ಣಿಗೇ ಬೀಳುವುದಿಲ್ಲ.

ಇದಕ್ಕೆ ಮದ್ದು ಪ್ರೈಮರಿ ಕೀ. ಯಾವುದನ್ನು ಕೀ ಮಾಡುವುದು ಅನ್ನುವುದೇ ನಿಜವಾದ ಪ್ರಶ್ನೆ. ಇಮೇಲ್ ಒಂದನ್ನೇ ಮಾಡಿದರೆ ಜುಲೈನಲ್ಲಿ ಬಂದವರು ಡಿಸೆಂಬರ್‌ಗೆ ಮತ್ತೆ ಬರುತ್ತೇವೆ ಅಂದಾಗ ಹಳೆಯ ಸಾಲೇ ಅಳಿಸಿ ಹೊಸದಾಗುತ್ತದೆ. ಇಮೇಲ್ ಮತ್ತು ಬರುವ ದಿನ ಎರಡನ್ನೂ ಸೇರಿಸಿ ಕೀ ಮಾಡಿದೆ. ಒಬ್ಬರೇ ಬೇರೆ ಬೇರೆ ದಿನಕ್ಕೆ ಬುಕ್ ಮಾಡಬಹುದು, ಒಂದೇ ದಿನಕ್ಕೆ ಎಷ್ಟು ಸಲ ಒತ್ತಿದರೂ ಒಂದೇ ಸಾಲು. ಇನ್ಸರ್ಟ್ ಹಾಗೇ ಬಿಟ್ಟರೆ ಎರಡನೇ ಸಲ ಒತ್ತಿದಾಗ ಎರರ್ ಬರುತ್ತದೆ, ಆದ್ದರಿಂದ ಸಾಲು ಇದ್ದರೆ ತಿದ್ದಿ, ಇಲ್ಲದಿದ್ದರೆ ಸೇರಿಸುವ ಅಪ್‌ಸರ್ಟ್‌ಡೇಟಾ. ಅದರಲ್ಲಿ ಡೇಟಾ ಎಕ್ಸ್‌ಟೆನ್ಷನ್ ಹೆಸರಾದ ಮೇಲೆ ಒಂದು ಅಂಕಿ ಕೊಡಬೇಕು. ಮುಂದೆ ಬರುವ ಕಾಲಂ ಹೆಸರು-ಮೌಲ್ಯದ ಜೋಡಿಗಳಲ್ಲಿ ಮೊದಲ ಎಷ್ಟು ಜೋಡಿ ಹುಡುಕಲಿಕ್ಕೆ ಅಂತ ಅದು ಹೇಳುತ್ತದೆ. ನನ್ನದರಲ್ಲಿ 2. ಇಮೇಲ್ ಒಂದು ಜೋಡಿ, ದಿನ ಇನ್ನೊಂದು, ಉಳಿದದ್ದೆಲ್ಲ ಬರೆಯುವ ಕಾಲಂಗಳು. ಕೋಡ್ ತುಣುಕು ಕೊಟ್ಟು ಇದು ಏನು ಮಾಡುತ್ತದೆ ಅಂತ ಕೇಳಿದರೆ ನನ್ನ ಕಣ್ಣು ಈಗಲೂ ಮೊದಲು ಹೋಗುವುದು ಆ ಅಂಕಿಯ ಮೇಲೆ.

ಬರುವ ದಿನದ ಫೀಲ್ಡ್ ಇನ್ನೊಂದು ಗಮ್ಮತ್ತು. ಸಾದಾ ಟೆಕ್ಸ್ಟ್ ಬಾಕ್ಸ್ ಇಟ್ಟು ಬೇಕಂತಲೇ 5/8 ಅಂತ ಹಾಕಿ ಇಸವಿ ಸೇರಿಸಿದೆ. ನಮಗೆ ಅದು ಆಗಸ್ಟ್ 5. ಸಿಸ್ಟಮ್ ಅಮೆರಿಕದ ಲೆಕ್ಕದಲ್ಲಿ ಮೇ 8 ಅಂತ ಬರೆದುಕೊಂಡಿತು. 15/8 ಹಾಕಿದರೆ ಎರರ್ ಆದರೂ ಬರುತ್ತದೆ, ಇದು ಸದ್ದಿಲ್ಲದೆ ಒಳಗೆ ಹೋಗುತ್ತದೆ. ಇನ್‌ಪುಟ್ ಟೈಪ್ ಡೇಟ್ ಮಾಡಿದರೆ ಕಷ್ಟ ಇಲ್ಲ. ಪರದೆಯ ಮೇಲೆ ಹೇಗೇ ಕಾಣಲಿ, ಸರ್ವರ್‌ಗೆ ಹೋಗುವುದು ಇಸವಿ, ತಿಂಗಳು, ದಿನ ಎಂಬ ಕ್ರಮದಲ್ಲೇ.

ತುಂಬಿದ ಹೊತ್ತನ್ನು ಇಟ್ಟುಕೊಳ್ಳಲು ನೌ ಫಂಕ್ಷನ್ ಹಾಕಿದ್ದೆ. ಬೆಳಿಗ್ಗೆ 10ಕ್ಕೆ ತುಂಬಿದ್ದು ಹಿಂದಿನ ದಿನ ರಾತ್ರಿ 10:30 ಅಂತ ತೋರಿಸುತ್ತದೆ. ಸರ್ವರ್ ವರ್ಷಪೂರ್ತಿ ಅಮೆರಿಕದ ಸೆಂಟ್ರಲ್ ಸ್ಟ್ಯಾಂಡರ್ಡ್ ಸಮಯದಲ್ಲೇ ಇರುತ್ತದೆ, ಬೇಸಿಗೆಯ ಗಂಟೆ ಬದಲಾವಣೆಯೂ ಅದಕ್ಕಿಲ್ಲ. ನಮಗೂ ಅದಕ್ಕೂ ಹನ್ನೊಂದೂವರೆ ಗಂಟೆ ಅಂತರ. ಸಿಸ್ಟಮ್‌ಡೇಟ್‌ಟುಲೋಕಲ್‌ಡೇಟ್ ಎಂಬ ಉದ್ದ ಹೆಸರಿನ ಫಂಕ್ಷನ್ ಇರುವುದು ಇದಕ್ಕೇ.

ಚೆಕ್‌ಬಾಕ್ಸ್ ಸಣ್ಣದು, ಆದರೆ ತಲೆ ತಿನ್ನುತ್ತದೆ. ಟಿಕ್ ಮಾಡದಿದ್ದರೆ ಬ್ರೌಸರ್ ಆ ಫೀಲ್ಡನ್ನು ಕಳಿಸುವುದೇ ಇಲ್ಲ. ಬೇಡ ಅಂತ ಬರುವುದಿಲ್ಲ, ಏನೂ ಬರುವುದಿಲ್ಲ. ಎಂಪ್ಟಿ ಆಗಿದ್ದರೆ ಫಾಲ್ಸ್, ಇಲ್ಲದಿದ್ದರೆ ಟ್ರೂ ಅಂತ ಐಐಎಫ್ ಫಂಕ್ಷನ್‌ನಲ್ಲಿ ನಾವೇ ತಿರುಗಿಸಿ ಬೂಲಿಯನ್ ಫೀಲ್ಡಿಗೆ ಕೊಡಬೇಕು. ಮೊದಲೇ ಟಿಕ್ ಹಾಕಿ ಇಡುವ ಅಭ್ಯಾಸ ಕೆಲವರಿಗಿದೆ. ಅದು ನನಗೆ ಸರಿಬರುವುದಿಲ್ಲ. ಒಪ್ಪಿಗೆ ಅಂದಮೇಲೆ ಅವರೇ ಕೊಡಬೇಕು, ಅಲ್ವಾ? ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಹೇಳುವುದೂ ಸ್ಪಷ್ಟ ಒಪ್ಪಿಗೆ ಬೇಕು ಅಂತಲೇ.

ಎರರ್ ಬಂದಾಗ ಕ್ಲೌಡ್‌ಪೇಜ್ ತೋರಿಸುವುದು ಬರೀ 500 ಎಂಬ ಸರ್ವರ್ ಎರರ್ ನಂಬರ್. ಯಾವ ಸಾಲು, ಯಾಕೆ, ಒಂದೂ ಇಲ್ಲ. ವಿಳಾಸದ ಫೀಲ್ಡ್ 50 ಅಕ್ಷರಕ್ಕೆ ಇಟ್ಟು, ಊರು, ಪೋಸ್ಟು, ತಾಲೂಕು ಎಲ್ಲ ಸೇರಿದ ನಮ್ಮ ಕಡೆಯ ಉದ್ದ ವಿಳಾಸ ಹಾಕಿದರೂ 500, ಕೋಟ್ ಚಿಹ್ನೆ ಒಂದು ಬಿಟ್ಟರೂ 500. ಆಂಪ್‌ಸ್ಕ್ರಿಪ್ಟ್‌ನಲ್ಲಿ ಟ್ರೈ-ಕ್ಯಾಚ್ (ಎರರ್ ಬಂದರೆ ಹಿಡಿಯುವ ವ್ಯವಸ್ಥೆ) ಇಲ್ಲ, ಸರ್ವರ್ ಸೈಡ್ ಜಾವಾಸ್ಕ್ರಿಪ್ಟ್‌ನಲ್ಲಿ ಇದೆ. ಆಂಪ್‌ಸ್ಕ್ರಿಪ್ಟ್ ಬ್ಲಾಕನ್ನು ಅದರ ಟ್ರೈ ಒಳಗೆ ಸುತ್ತಿ, ಕ್ಯಾಚ್‌ನಲ್ಲಿ ಎರರನ್ನು ಸ್ಟ್ರಿಂಗಿಫೈ ಮಾಡಿ (ಓದುವ ಅಕ್ಷರಕ್ಕೆ ತಿರುಗಿಸಿ) ಬರೆಸಿದರೆ ನಿಜವಾದ ಕಾರಣ ಹೊರಗೆ ಬರುತ್ತದೆ. ಎರಡು ಭಾಷೆ ಹೇಗೆ ಒಟ್ಟಿಗೆ ಓಡುತ್ತವೆ ಅನ್ನುವುದು ನನಗೆ ಅರ್ಥವಾಗಿದ್ದು ಇಲ್ಲಿಯೇ. ಇನ್ನೊಂದು ಮಾತು: ಪಬ್ಲಿಷ್ ಮಾಡಿದ ತಕ್ಷಣ ಬದಲಾವಣೆ ಕಾಣದಿದ್ದರೆ ಕೋಡ್ ಮುಟ್ಟಬೇಡಿ. ಹಳೆಯ ಪೇಜ್ ಕೆಲ ನಿಮಿಷ ಹಾಗೇ ಉಳಿಯುತ್ತದೆ. ಒಂದು ಕಷಾಯ ಕುಡಿದು ಬನ್ನಿ.

ಸೆಕ್ಯುರಿಟಿಗೆ ಬೇರೆ ಓದಲಿಲ್ಲ. ತುಂಬಲೇಬೇಕು ಅನ್ನುವ ಎಚ್‌ಟಿಎಂಎಲ್‌ನ ರಿಕ್ವೈರ್ಡ್ ಬ್ರೌಸರ್‌ನಲ್ಲಿ ಮಾತ್ರ ಕಾಯುತ್ತದೆ, ಅದನ್ನು ದಾಟುವುದು ಸುಲಭ. ಹಾಗಾಗಿ ಖಾಲಿ ಇದೆಯಾ, ಇಮೇಲ್ ಸರಿಯಿದೆಯಾ ಅಂತ ನೋಡುವ ಎಂಪ್ಟಿ, ಈಸ್‌ಇಮೇಲ್‌ಅಡ್ರೆಸ್ ಎರಡನ್ನೂ ಸರ್ವರ್‌ನಲ್ಲಿ ಮತ್ತೆ ಹಾಕಿದೆ. ಈಸ್‌ಫೋನ್‌ನಂಬರ್ ಬಿಟ್ಟೆ. ಅದು ಉತ್ತರ ಅಮೆರಿಕದ ನಂಬರ್ ಮಾದರಿಗೆ, ನಮ್ಮ ನಂಬರ್‌ಗೆ ಆಗಿಬರುವುದಿಲ್ಲ. ಧನ್ಯವಾದ ಹೇಳುವ ಪೇಜಿನಲ್ಲಿ ಹೆಸರು ತೋರಿಸುವ ಮುಂಚೆ < ಚಿಹ್ನೆಯನ್ನು ರಿಪ್ಲೇಸ್‌ನಿಂದ ತೆಗೆದೆ. ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ಹಾಕುವ ಪುಣ್ಯಾತ್ಮರು ಇದ್ದೇ ಇರುತ್ತಾರೆ.

ಕೊನೆಗೆ ಇಮೇಲ್‌ನಿಂದ ಬಂದವರಿಗೆ ಫಾರ್ಮ್ ಮೊದಲೇ ತುಂಬಿರಲಿ ಅಂತ ಮಾಡಿದೆ. ಇಮೇಲ್‌ನ ಲಿಂಕನ್ನು ಕ್ಲೌಡ್‌ಪೇಜಸ್‌ಯುಆರ್‌ಎಲ್ ಫಂಕ್ಷನ್‌ನಿಂದ ಮಾಡಿದರೆ ಜೊತೆಗೆ ಹೋಗುವ ಮಾಹಿತಿ ಗುಪ್ತವಾಗಿ ಹೋಗುತ್ತದೆ, ಪೇಜಿನಲ್ಲಿ ರಿಕ್ವೆಸ್ಟ್‌ಪ್ಯಾರಾಮೀಟರ್ ಅದನ್ನು ಬಿಡಿಸಿ ಕೊಡುತ್ತದೆ. ಆಮೇಲೆ ಡೇಟಾ ಎಕ್ಸ್‌ಟೆನ್ಷನ್‌ನಲ್ಲಿ ಲುಕಪ್ ಮಾಡಿ (ಹುಡುಕಿ) ಹೆಸರು, ಫೋನ್ ಆಯಾ ಬಾಕ್ಸ್‌ಗೆ ಇಡುವುದು. ಲುಕಪ್ ಕೊಡುವುದು ಒಂದೇ ಮೌಲ್ಯ, ಲುಕಪ್‌ರೋಸ್ ಸಾಲುಗಳನ್ನು ಕೊಡುತ್ತದೆ, 2000ದವರೆಗೆ.

ಎಲ್ಲ ಆದ ಮೇಲೆ ಇದೇ ಫಾರ್ಮನ್ನು ಪೂರ್ತಿ ಸರ್ವರ್ ಸೈಡ್ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದು ನೋಡಿ. ಯಾವ ಕೆಲಸಕ್ಕೆ ಯಾವುದು ಹಗುರ ಅಂತ ಆಗ ಗೊತ್ತಾಗುತ್ತದೆ. ಎಪಿಐ ಮಾತ್ರ ಬೇರೆಯಾಗಿ ಕೂತು ಓದಬೇಕು, ಅದಕ್ಕೆ ಅಡ್ಡದಾರಿ ನನಗೆ ಸಿಗಲಿಲ್ಲ. ಪರೀಕ್ಷೆಯಲ್ಲಿ ಏನು ಬಂತು ಅಂತ ಕೇಳಬೇಡಿ, ಹೊರಗೆ ಹೇಳುವುದಿಲ್ಲ ಅಂತ ಒಪ್ಪಿಯೇ ಕೂತಿರುತ್ತೇವೆ. ಮನೆಯಿಂದಲೇ ಬರೆಯುವ ಅವಕಾಶ ಇದೆ. ಘಟ್ಟದ ಮೇಲಿನವರಾಗಲಿ ಕಾರವಾರದ ಕಡೆಯವರಾಗಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಸಾಹಸ ಬೇಡ. ನಾನು ಮಳೆ ಕಳೆದು, ಅಡಿಕೆ ಕೊಯ್ಲು ಶುರುವಾಗುವ ಮುಂಚಿನ ಒಂದು ವಾರ ಹಿಡಿದೆ. ಮನೆ ಸದ್ದಿಲ್ಲದೆ ಇರುವುದು ಆಗ ಮಾತ್ರ.