ಗೇಜ್ ನೋಡದೆ ಅರ್ಜಿ ಬರೆದೆ

ಮಸಾಚುಸೆಟ್ಸ್‌ನಲ್ಲಿ ನಾವಿರುವ ಊರಿನ ಸೀನಿಯರ್ ಸೆಂಟರ್‌ನಲ್ಲಿ ವಾರಕ್ಕೆರಡು ಬೆಳಿಗ್ಗೆ ಕೂತು ಫ್ಯೂಯೆಲ್ ಅಸಿಸ್ಟೆನ್ಸ್ ಅರ್ಜಿ ತುಂಬಿಕೊಡುತ್ತೇನೆ. ಸಂಬಳವಿಲ್ಲದ ಕೆಲಸ. ಕಡಿಮೆ ಆದಾಯದವರು ಚಳಿಗಾಲದಲ್ಲಿ ಮನೆ ಬೆಚ್ಚಗಿಟ್ಟುಕೊಳ್ಳಲು ಸರ್ಕಾರ ಕೊಡುವ ನೆರವು ಇದು. 1981ರ ಕಾನೂನಿನಿಂದ ಶುರುವಾದದ್ದು. ದುಡ್ಡು ವಾಷಿಂಗ್ಟನ್ನಿನದು, ಹಂಚುವುದು ರಾಜ್ಯಗಳು. ಕಡತದಲ್ಲಿ ಇದರ ಹೆಸರು ಲೈಹೀಪ್.

ಬಂದು ಕೂತವರಲ್ಲಿ ಅರ್ಧ ಜನರ ಮೊದಲ ಮಾತು, 'ನಾನೇನು ಅಷ್ಟು ಬಡವಳಲ್ಲ.' ನಮ್ಮ ರಾಜ್ಯದಲ್ಲಿ ಮಿತಿ ಇರುವುದು ರಾಜ್ಯದ ಮಧ್ಯಮ ಆದಾಯದ ಶೇ. 60ಕ್ಕೆ. ಒಬ್ಬರೇ ಇರುವ ಮನೆಗೆ ವರ್ಷಕ್ಕೆ 50 ಸಾವಿರ ಡಾಲರ್ ಆಸುಪಾಸು. ಅದನ್ನು ಕೇಳಿ ಎಷ್ಟೋ ಜನ ಕುರ್ಚಿ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಸ್ವಂತ ಮನೆ ಇದ್ದರೂ ಅಡ್ಡಿಯಿಲ್ಲ, ವಾಪಸು ಕಟ್ಟುವ ಸಾಲವೂ ಅಲ್ಲ. ದುಡ್ಡು ಸಾಮಾನ್ಯವಾಗಿ ಕೈಗೆ ಬರುವುದಿಲ್ಲ, ಮನೆ ಕಾಯಿಸಲು ಉರಿಸುವ ಎಣ್ಣೆ ಮಾರುವವನ ಅಥವಾ ಗ್ಯಾಸ್ ಕಂಪನಿಯ ಲೆಕ್ಕಕ್ಕೆ ಹೋಗುತ್ತದೆ. ಊರಲ್ಲಿ ಗೃಹಜ್ಯೋತಿ ಬಂದ ಮೇಲೆ ಇದನ್ನು ಅಮ್ಮನಿಗೆ ವಿವರಿಸುವುದು ಸುಲಭವಾಯಿತು.

ಕಷ್ಟವಿರುವುದು ಕಾಗದದಲ್ಲಿ. ಗುರುತಿನ ಚೀಟಿ, ಮನೆಯಲ್ಲಿರುವ ಎಲ್ಲರ ಹೆಸರು, ಹದಿನೆಂಟು ದಾಟಿದ ಪ್ರತಿಯೊಬ್ಬರ ಆದಾಯದ ಪುರಾವೆ, ಕರೆಂಟ್ ಬಿಲ್, ಎಣ್ಣೆ ಅಥವಾ ಗ್ಯಾಸ್ ಬಿಲ್, ಬಾಡಿಗೆ ಇಲ್ಲವೇ ಮನೆ ಸಾಲದ ಕಾಗದ. ಆದಾಯವೇ ಇಲ್ಲದವರು ಇಲ್ಲ ಎಂದು ಬರೆದು ಸಹಿ ಹಾಕಬೇಕು. ನಾನು ಎಡವಿದ್ದು ಇಲ್ಲೇ.

ಮೊದಲ ವರ್ಷ, ಡಿಸೆಂಬರ್ ಆರಂಭ. ಎಂಬತ್ತು ದಾಟಿದ ಒಬ್ಬ ಅಜ್ಜಿ ಬಂದರು. ಎಷ್ಟು ಜನ ಇದ್ದೀರಿ ಎಂದೆ. 'ಒಬ್ಬಳೇ' ಎಂದರು. ಹಾಗೇ ಬರೆದು, ಸಹಿ ಹಾಕಿಸಿ, ಅಂಚೆಗೆ ಹಾಕಿ ಬಂದೆ. ವಾರಗಳ ನಂತರ ಅರ್ಜಿ ವಾಪಸು ಬಂತು: ಕರೆಂಟ್ ಬಿಲ್ಲಿನಲ್ಲಿರುವ ಹೆಸರು ಯಾರದು? ಕೆಲಸ ಕಳೆದುಕೊಂಡು ಬಂದ ಮಗ ಮೇಲಿನ ಕೋಣೆಯಲ್ಲಿದ್ದ. ಅಜ್ಜಿ ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಅವನು ನೆಂಟ, ನಾಲ್ಕು ದಿನ ಇದ್ದು ಹೋಗುವವನು. ಬಿಲ್ ನನ್ನ ಕಣ್ಣೆದುರೇ ಇತ್ತು, ನಾನು ಓದಿದ್ದು ಅದರ ಮೊತ್ತವನ್ನು ಮಾತ್ರ.

ಅಷ್ಟರಲ್ಲಿ ಒಂದು ಶನಿವಾರ ರಾತ್ರಿ ಎಣ್ಣೆ ಮುಗಿಯಿತು.

ಇಲ್ಲಿನ ಹಳೆಯ ಮನೆಗಳಲ್ಲಿ ಬೇಸ್‌ಮೆಂಟಿನಲ್ಲಿ 275 ಗ್ಯಾಲನ್ನಿನ ಕಬ್ಬಿಣದ ಟ್ಯಾಂಕ್ ಇರುತ್ತದೆ. ಬಾಯ್ಲರ್ ಉರಿಯುವುದು ಅದರಿಂದ. ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಕಷ್ಟದಲ್ಲಿರುವವರ ಮನೆಯ ಗ್ಯಾಸ್, ಕರೆಂಟ್ ಕಡಿಯುವಂತಿಲ್ಲ. ಎಣ್ಣೆಗೆ ಆ ರಕ್ಷಣೆ ಇಲ್ಲ. ದುಡ್ಡಿದ್ದರೆ ಲಾರಿ ಬರುತ್ತದೆ, ಅದೂ ಹೆಚ್ಚಿನವರು 100 ಗ್ಯಾಲನ್ನಿಗಿಂತ ಕಡಿಮೆ ಹಾಕುವುದಿಲ್ಲ. ಗ್ಯಾಲನ್ನಿಗೆ ಮೂರೂವರೆ ಡಾಲರ್ ಹಿಡಿದರೂ ಒಂದೇ ಸಲಕ್ಕೆ 350. ಆ ರಾತ್ರಿ ಮಗ ಬಂಕಿನಿಂದ ಎರಡು ಕ್ಯಾನ್ ಡೀಸೆಲ್ ತಂದು ಸುರಿದ. ತೀರಾ ಖಾಲಿಯಾದ ಮೇಲೆ ಸುರಿದರೆ ಪೈಪಿನಲ್ಲಿ ಗಾಳಿ ಸೇರಿಕೊಂಡಿರುತ್ತದೆ, ತಳದ ಕೆಸರು ಫಿಲ್ಟರಿಗೆ ಬಂದು ಕೂರುತ್ತದೆ. ಬರ್ನರ್ ಹತ್ತಿಸಲು ಮೆಕ್ಯಾನಿಕ್ ಬೇಕಾಯಿತು. ಅವನ ಬಿಲ್ ಬೇರೆ.

ಸೋಮವಾರ, ಅರ್ಜಿಗಳನ್ನು ನೋಡುವ ಏಜೆನ್ಸಿಗೆ ಫೋನ್ ಮಾಡಿದಾಗ ಅಲ್ಲಿನ ಹೆಂಗಸು ಕೇಳಿದ್ದು ಒಂದೇ: 'ಟ್ಯಾಂಕ್ ತಳ ಕಾಣುತ್ತಿದೆ ಅಂತ ಯಾಕೆ ಹೇಳಲಿಲ್ಲ?' ಎಣ್ಣೆ ಮುಗಿಯುತ್ತಾ ಬಂದಿದ್ದರೆ ಅದು ಸಾಮಾನ್ಯ ಅರ್ಜಿಯಲ್ಲ, ತುರ್ತು. ಅರ್ಹರಾದವರಿಗೆ 48 ಗಂಟೆಯೊಳಗೆ, ಜೀವಕ್ಕೆ ಅಪಾಯವಿದ್ದರೆ 18 ಗಂಟೆಯೊಳಗೆ ಏನಾದರೂ ಪರಿಹಾರ ಮಾಡಲೇಬೇಕೆಂದು ಕಾನೂನಿನಲ್ಲೇ ಇದೆ. ನಾನು ಅಂಚೆಯಲ್ಲಿ ಕಳಿಸಿದ್ದು ಕಟ್ಟಿನ ಅಡಿಯಲ್ಲಿ ತನ್ನ ಸರದಿ ಕಾದು ವಾಪಸು ಬಂದಿತ್ತು. ಮಗನ ಕಾಗದ ಸೇರಿಸಿ ಅವತ್ತೇ ಕೊಟ್ಟೆವು. ಮರುದಿನ ಲಾರಿ ಬಂತು.

ಅಂದಿನಿಂದ ಯಾರು ಬಂದರೂ ಗೇಜ್ ಎಷ್ಟಿದೆ ಎಂದು ಮೊದಲು ಕೇಳುತ್ತೇನೆ. ಟ್ಯಾಂಕಿನ ತಲೆಯ ಮೇಲಿನ ಪುಟ್ಟ ಪ್ಲಾಸ್ಟಿಕ್ ಬುರುಡೆಯಲ್ಲಿ ಒಂದು ಬಿಲ್ಲೆ ಏರಿಳಿಯುತ್ತದೆ. ಅದು ಕಾಲು ಭಾಗಕ್ಕಿಂತ ಕೆಳಗಿದ್ದರೆ ಪೆನ್ನು ಕೆಳಗಿಟ್ಟು ಫೋನ್ ಎತ್ತುತ್ತೇನೆ. ಆಮೇಲೆ, 'ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಎಷ್ಟು ಜನ ಮಲಗಿದ್ದರು?' ಈ ಪ್ರಶ್ನೆಗೆ ನೆಂಟರೂ ಲೆಕ್ಕಕ್ಕೆ ಬರುತ್ತಾರೆ.

ಮಲೆನಾಡಿನಲ್ಲಿ ಮಳೆ ಹಿಡಿಯುವ ಮೊದಲೇ ಕೊಟ್ಟಿಗೆಗೆ ಸೌದೆ ಬಂದಿರಬೇಕು. ಆಷಾಢದಲ್ಲಿ ಹಸಿ ಸೌದೆ ಊದುತ್ತಾ ಕೂರುವವಳನ್ನು ನಮ್ಮಜ್ಜಿ ಮನೆಯೊಡತಿ ಎಂದು ಒಪ್ಪುತ್ತಲೇ ಇರಲಿಲ್ಲ. ಇಲ್ಲಿ ಅರ್ಜಿಯ ಬಾಗಿಲು ತೆರೆಯುವುದು ಅಕ್ಟೋಬರ್ 1ಕ್ಕೆ. ಎಲ್ಲರನ್ನೂ ಆ ತಿಂಗಳೇ ಕರೆಸುತ್ತೇನೆ. 2025ರಲ್ಲಿ ಅದೇ ದಿನದಿಂದ ನವೆಂಬರ್ 12ರವರೆಗೆ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರವೇ ಬಜೆಟ್ಟಿಗೆ ಒಪ್ಪಿಗೆ ಸಿಗದೆ ಬಾಗಿಲು ಹಾಕಿಕೊಂಡು ಹಣ ತಡವಾಯಿತು. ದುಡ್ಡೇ ಇಲ್ಲದಾಗ ಅರ್ಜಿ ಯಾಕೆ ಎಂದು ಗೊಣಗಿದವರಿಂದಲೂ ಬರೆಸಿದೆ. ದುಡ್ಡು ಬಂದ ದಿನ ಕಾಗದವಾದರೂ ಮೇಜಿನ ಮೇಲಿರಲಿ ಎಂದು.

ಆ ಸಲ ಅಜ್ಜಿಯ ಮಗನೇ ಲಕೋಟೆ ಹಿಡಿದು ಬಂದ. ಕೆಲಸ ಸಿಕ್ಕಿತ್ತು, ಪೇ ಸ್ಲಿಪ್‌ಗಳನ್ನು ತಾರೀಖಿನ ಪ್ರಕಾರ ಜೋಡಿಸಿ ತಂದಿದ್ದ. ನಾನು ಬಾಯಿ ತೆರೆಯುವ ಮೊದಲೇ ಫೋನಿನಲ್ಲಿ ಫೋಟೋ ತೋರಿಸಿದ. ಬಿಲ್ಲೆ ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು.